ದೇವರು ಕೊಟ್ಟಷ್ಟು ಅದ

ಮಾಟುಂಗದ ಕನ್ನಡ ಸಂಘವೊಂದರ ಕಪಾಟಿನಲ್ಲಿ ಹಳೆಯ ದತ್ತಿಪತ್ರವೊಂದಿತ್ತು. ಮಕ್ಕಳಿಲ್ಲದ ಬಟ್ಟೆ ವ್ಯಾಪಾರಿಯೊಬ್ಬ ಅರುವತ್ತು ವರ್ಷಗಳ ಹಿಂದೆ ಬರೆಸಿಟ್ಟದ್ದು. ಅವನ ಹೆಸರಿನ ನರ್ಸಿಂಗ್ ಶಾಲೆಯಲ್ಲಿ ವರ್ಷಕ್ಕೆ ಒಂದು ಸೀಟು, ಊಟ ವಸತಿ ಸಹಿತ, 'ಮುಂಬಯಿಯಲ್ಲಿರುವ ದರಿದ್ರ ಕನ್ನಡ ಕುಟುಂಬದ ಒಬ್ಬ ಹೆಣ್ಣುಮಗಳಿಗೆ' ಬಿಟ್ಟಿಯಾಗಿ ಸಲ್ಲತಕ್ಕದ್ದು ಎಂದು ಅದರಲ್ಲಿತ್ತು. ಬರೆದುಕೊಟ್ಟವರು ಯಾರೋ ಪಂಡಿತರು. ಅವರಿಗೆ ಅದು ಏನೂ ಇಲ್ಲದವರನ್ನು ಹೇಳುವ ಪುಸ್ತಕದ ಪದ, ಅಷ್ಟೇ. ಅಲ್ಲಿಂದ ಅದು ಸಂಘದ ಅರ್ಜಿಯೊಳಗೆ ಇಳಿದು ಕೂತುಬಿಟ್ಟಿತ್ತು. 'ಕುಟುಂಬವು ದರಿದ್ರ ಸ್ಥಿತಿಯಲ್ಲಿದೆಯೇ? ವಿವರಿಸಿ.' ಕೆಳಗೆ ನಾಲ್ಕು ಗೆರೆ ಖಾಲಿ.

ದತ್ತಿ ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು ವಿನೋದಿನಿ. ಅವಳಿಗೆ ಆ ಪದದ ಬಗ್ಗೆ ಯಾವ ತಕರಾರೂ ಇರಲಿಲ್ಲ. ಉಡುಪಿ ಕಡೆಯವಳು, ಗಂಡ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿ, ಈಗ ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದರು. ಅವಳ ಬಾಯಲ್ಲಿ ಆ ಮಾತು ದಿನವಿಡೀ ಓಡಾಡುತ್ತಿತ್ತು. ತಿರುಗದ ಮಿಕ್ಸಿ ದರಿದ್ರ ಮಿಕ್ಸಿ, ತಡವಾಗಿ ಬಂದ ಲೋಕಲ್ ದರಿದ್ರ ಲೋಕಲ್, ಕಾಲಿಗೆ ಸುತ್ತುವ ಬೆಕ್ಕು ದರಿದ್ರ ಬೆಕ್ಕು. ಬೆಕ್ಕಿಗೆ ಹಾಲು ಎರೆಯುವಾಗಲೂ ಹಾಗೆಯೇ ಕರೆಯುತ್ತಿದ್ದಳು. ಆ ಮಾತು ಯಾರಿಗಾದರೂ ಭಾರವಾಗಬಹುದು ಎಂದು ಅರುವತ್ತಮೂರು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಅನ್ನಿಸಿರಲಿಲ್ಲ.

ಆ ವರ್ಷ ಬಂದ ಅರ್ಜಿಗಳಲ್ಲಿ ಅಂಕ ನೋಡಿ, ಕಾಗದಪತ್ರ ನೋಡಿ, ಕೊನೆಗೆ ಎರಡು ಉಳಿದವು. ಒಂದು ಭಾಂಡುಪಿನ ದೂಜನ ಮಗಳು ಶ್ರಾವ್ಯಾಳದು. ದೂಜ ಉಡುಪಿ ಹೋಟೆಲೊಂದರಲ್ಲಿ ಸಪ್ಲಾಯರ್. ಅವನ ಅರ್ಜಿಯಲ್ಲಿ ಖಾಲಿ ಗೆರೆಗಳ ಮೇಲೆ ದಪ್ಪ ಅಕ್ಷರದಲ್ಲಿ 'ಹೌದು. ನಾವು ಪೂರ್ತಿ ದರಿದ್ರರು' ಎಂದು ಬರೆದಿತ್ತು. ಇನ್ನೊಂದು ಆಂಟಾಪ್ ಹಿಲ್ಲಿನ ರಾಧಿಕಾಳದು. ಅವಳ ಅಪ್ಪ ಶಂಕ್ರೆಪ್ಪ ವಿಜಯಪುರದ ಕಡೆಯವನು, ಗೋದಾಮಿನಲ್ಲಿ ಹಮಾಲಿ ಮಾಡುವವನು. ತಾಯಿ ರಾಚವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಏಳನೆಯ ಇಯತ್ತೆ ಓದಿದ ರಾಚವ್ವನೇ ಗುಂಡಗಿನ ಅಕ್ಷರದಲ್ಲಿ ಆ ಗೆರೆಯ ಮೇಲೆ ಬರೆದಿದ್ದಳು: 'ದೇವರು ಕೊಟ್ಟಷ್ಟು ಅದ.'

ಸಮಿತಿಯ ಅಧ್ಯಕ್ಷ ಬಸವಂತರಾಯರು ಅದನ್ನು ಎಲ್ಲರಿಗೂ ಓದಿ ಹೇಳಿದರು. ಅವರೂ ವಿಜಯಪುರದವರೇ, ದಾದರಿನಲ್ಲಿ ಸೀರೆಯ ಅಂಗಡಿ. "ಇದೇನು ಅರ್ಜಿನೋ, ಮದವಿ ಪತ್ರಿಕಿನೋ?" ಎಂದರು. ಎಲ್ಲರೂ ನಕ್ಕರು. ವಿನೋದಿನಿಯೂ ನಕ್ಕಳು.

ಅಂಕದಲ್ಲಿ ರಾಧಿಕಾ ಮುಂದೆ ಇದ್ದಳು, ಬಹಳ ಮುಂದೆ. ಆದರೆ ಹಿಂದಿನ ವರ್ಷ ಸೀಟು ಪಡೆದವರಿಗೆ ಸ್ವಂತ ಫ್ಲಾಟಿತ್ತೆಂದು ತಿಳಿದು ಸಂಘದ ಮಾನ ಹೋಗಿತ್ತು. ಈ ಸಲ ಮನೆ ನೋಡದೆ ಸೀಟು ಕೊಡುವುದಿಲ್ಲ ಎಂದು ಬಸವಂತರಾಯರು ಪಟ್ಟು ಹಿಡಿದರು. ನೋಡಲು ಹೋಗುವವರು ಅವರೊಬ್ಬರು, ವಿನೋದಿನಿಯೊಬ್ಬಳು. ಹೋಗುವ ದಿನವನ್ನು ಮೊದಲೇ ಫೋನಿನಲ್ಲಿ ತಿಳಿಸಲಾಯಿತು.

ಭಾಂಡುಪಿನಲ್ಲಿ ದೂಜ ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಮನೆಯಲ್ಲಿ ಒಂದು ಚಾಪೆ, ಒಂದು ಸ್ಟವ್ವು. ಹೆಂಡತಿ ಹರಿದ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗೋಡೆಯ ಮೇಲೆ ಸುತ್ತಲಿನ ಬಣ್ಣಕ್ಕಿಂತ ಬಿಳಿಯಾದ ಒಂದು ಚೌಕ ಇತ್ತು, ನಾಲ್ಕು ಮೊಳೆಯ ತೂತೂ ಇತ್ತು. ಟೀವಿ ಪಕ್ಕದ ಮನೆಗೆ ಹೋಗಿ ಒಂದು ದಿನವೂ ಆಗಿರಲಿಕ್ಕಿಲ್ಲ. ವಿನೋದಿನಿ ಅದನ್ನು ನೋಡಿ ಸುಮ್ಮನಾದಳು. ಆ ಮನುಷ್ಯ ಮೂವತ್ತು ವರ್ಷ ಯಾರ್ಯಾರದೋ ಟೇಬಲ್ಲಿಗೆ ಇಡ್ಲಿ ಇಟ್ಟವನು. ಒಂದು ಟೀವಿ ಇದ್ದರೆ ಇರಲಿ ಎಂದುಕೊಂಡಳು.

ಮರುದಿನ ಆಂಟಾಪ್ ಹಿಲ್. ಮೂರನೆಯ ಮಾಳಿಗೆಯ ಉದ್ದ ಪಡಸಾಲೆಯಲ್ಲಿ ಬಾಗಿಲು ಬಾಗಿಲಲ್ಲೂ ಹೆಂಗಸರು ನಿಂತು ಅತಿಥಿಗಳನ್ನು ನೋಡಿದರು. ರಾಚವ್ವನ ಹೊಸ್ತಿಲ ಮುಂದೆ ರಂಗೋಲಿ. ಒಳಗೆ ಎರಡು ಕೆಂಪು ಕುರ್ಚಿ, ಅದರ ಎದುರು ತಿರುಗುವ ಟೇಬಲ್ ಫ್ಯಾನು, ಕಿಟಕಿಗೆ ಇಸ್ತ್ರಿ ಹಾಕಿದ ಪರದೆ. ಮಂಚದ ಮೇಲೆ ಹೂವಿನ ಚಾದರ. ರಾಚವ್ವ ಕಾಲಿಗೆ ನೀರು ಕೊಟ್ಟಳು.

"ಬರ್ರಿ ಸಾವ್ಕಾರ್ರ. ಬರ್ರಿ ಅಕ್ಕಾರ. ನಮ್ಮ ಬಡವರ ಮನಿತನಕ ಬಂದ್ರಿ, ಭಾಳ ಆತು."

ಉಪ್ಪಿಟ್ಟು ಬಂತು, ಮೇಲೆ ಗೋಡಂಬಿ. ಹೋಳಿಗೆ ಬಂತು, ತುಪ್ಪ ಬಂತು. ರಾಧಿಕಾ ಚಹಾ ತಂದಳು. ಹದಿನೇಳರ ಹುಡುಗಿ, ಬಸವಂತರಾಯರು ಕೇಳಿದ್ದಕ್ಕೆಲ್ಲ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಆದರೆ ಕಣ್ಣಿಟ್ಟು ನೋಡಿ ಉತ್ತರ ಹೇಳಿದಳು. ಯಾಕೆ ನರ್ಸ್ ಆಗಬೇಕು ಎಂದಾಗ, ಅಪ್ಪನ ಬೆನ್ನು ಹಿಡಿದುಕೊಂಡಾಗಲೆಲ್ಲ ತಾನೇ ಒತ್ತುವುದು, ಯಾವ ನರ ಎಲ್ಲಿದೆ ಎಂದು ಗೊತ್ತಿಲ್ಲದೆ ಒತ್ತುವುದಕ್ಕೆ ಹೆದರಿಕೆಯಾಗುತ್ತದೆ ಎಂದಳು. ವಿನೋದಿನಿಗೆ ಆ ಉತ್ತರ ಬಹಳ ಹಿಡಿಸಿತು.

ನೀರು ಕುಡಿಯಲು ಲೋಟ ಎತ್ತಿದಾಗ ಅದರ ಅಂಚಿನಲ್ಲಿ ಕೊರೆದ ಹೆಸರು ಕಂಡಿತು. ಮರಾಠಿಯಲ್ಲಿ 'ಸೌ. ಶುಭಾಂಗಿ' ಎಂದಿತ್ತು. ತಟ್ಟೆಯ ಅಂಚಿನಲ್ಲಿ ಬೇರೆ ಹೆಸರು. ಹೋಳಿಗೆಯ ಡಬ್ಬಿಯಲ್ಲಿ ಮತ್ತೊಂದು. ವಿನೋದಿನಿ ತಲೆಯೆತ್ತಿ ಕುರ್ಚಿಯನ್ನೂ ಫ್ಯಾನನ್ನೂ ಪರದೆಯನ್ನೂ ಇನ್ನೊಮ್ಮೆ ನೋಡಿದಳು. ಪರದೆ ಕಿಟಕಿಗಿಂತ ಒಂದು ಗೇಣು ಉದ್ದ. ಪಡಸಾಲೆಯ ಎಂಟು ಮನೆಯವರು ಬೆಳಗ್ಗಿನಿಂದ ಒಂದೊಂದಾಗಿ ಹೊತ್ತು ತಂದು ಈ ಕೋಣೆಯನ್ನು ತುಂಬಿದ್ದಾರೆ ಎಂದು ಅವಳಿಗೆ ತಿಳಿಯಿತು. ಪಕ್ಕದ ಬಾಗಿಲಿನಿಂದ ಒಬ್ಬಳು ಇಣುಕಿ, ಚಹಾಕ್ಕೆ ಸಕ್ಕರೆ ಸಾಕಾಯಿತೇ ಎಂದು ಕಣ್ಣಲ್ಲೇ ರಾಚವ್ವನನ್ನು ಕೇಳಿದಳು. ಅವಳೇ ಶುಭಾಂಗಿ ಇರಬೇಕು. ಮಗಳಿಗೆ ಒಳ್ಳೆಯದಾಗುವ ದಿನ ದೊಡ್ಡವರು ಬರುತ್ತಿದ್ದಾರೆ, ಅವರನ್ನು ನೆಲದ ಮೇಲೆ ಹೇಗೆ ಕೂಡಿಸುವುದು ಎಂದು ರಾಚವ್ವ ಯೋಚಿಸಿದ್ದಳೇ ಹೊರತು, ಅವರು ಬರುತ್ತಿರುವುದು ನೆಲವನ್ನು ನೋಡುವುದಕ್ಕೇ ಎಂದು ಅವಳಿಗೆ ಹೊಳೆದಿರಲಿಲ್ಲ.

ಹೊರಡುವಾಗ ರಾಚವ್ವ ವಿನೋದಿನಿಯನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಅಕ್ಕಿ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೆ ಹಸಿರು ಖಣ. ಅಕ್ಕಿಯನ್ನು ಅಂಗಡಿಯ ಕಾಗದದ ಪೊಟ್ಟಣದಿಂದಲೇ ಮೊರಕ್ಕೆ ಸುರಿದುಕೊಂಡಿದ್ದಳು.

ಟ್ಯಾಕ್ಸಿಯಲ್ಲಿ ಬಸವಂತರಾಯರು ಹಲ್ಲು ಚುಚ್ಚಿಕೊಳ್ಳುತ್ತ, ಹೋಳಿಗೆ ಊರಿನ ಹದದಲ್ಲೇ ಇತ್ತು ಎಂದರು. ಆಮೇಲೆ, ಖಣ ಇಟ್ಟು ಉಡಿ ತುಂಬುವವರನ್ನು ದರಿದ್ರರು ಎಂದು ಬರೆದರೆ ದತ್ತಿ ಕೊಟ್ಟವನ ಆತ್ಮ ಸುಮ್ಮನಿರುತ್ತದೆಯೇ ಎಂದರು. ವಿನೋದಿನಿ ತಡೆಯಲಾರದೆ ಎಲ್ಲ ಹೇಳಿದಳು. ಲೋಟದ ಹೆಸರು, ತಟ್ಟೆಯ ಹೆಸರು, ಉದ್ದ ಪರದೆ, ಪೊಟ್ಟಣದ ಅಕ್ಕಿ. ಒಳ್ಳೆಯದಾಗಲೆಂದೇ ಹೇಳಿದಳು.

ಬಸವಂತರಾಯರು ಕಿಟಕಿಯಾಚೆ ನೋಡುತ್ತ ಎಲ್ಲ ಕೇಳಿಸಿಕೊಂಡರು. "ಹಂಗಾದ್ರ ಬಂದು ಸಭಾದಾಗ ಹೇಳ್ಲಿ. ದತ್ತಿಪತ್ರದಾಗ ಏನ್ ಶಬ್ದ ಅದನೋ ಅದನ್ನ ತಮ್ಮ ಬಾಯಿಲೆ ಹೇಳ್ಲಿ. ಆಮ್ಯಾಲ ನೋಡೋಣ."

ನೋಡೋಣ ಎಂದರೆ ಏನೆಂದು ಮೂವತ್ತು ವರ್ಷ ಸಂಘಗಳಲ್ಲಿ ಓಡಾಡಿದ ವಿನೋದಿನಿಗೆ ಗೊತ್ತಿರಬೇಕಿತ್ತು. ಆ ದಿನ ಅವಳು ಅದನ್ನು ಒಪ್ಪಿಗೆ ಎಂದು ತಿಳಿದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಒಬ್ಬಳೇ ಆಂಟಾಪ್ ಹಿಲ್ಲಿಗೆ ಹೋದಳು. ಮನೆ ಈಗ ತನ್ನ ನಿಜವಾದ ಗಾತ್ರಕ್ಕೆ ಬಂದಿತ್ತು. ಕುರ್ಚಿ ಇರಲಿಲ್ಲ, ಫ್ಯಾನು ಇರಲಿಲ್ಲ, ಮಂಚದ ಮೇಲೆ ಬರೀ ಹಲಗೆ. ರಾಚವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು, ಮುಖ ಕಪ್ಪಿಟ್ಟಿತು. ಹೇಳದೆ ಕೇಳದೆ ಬಂದದ್ದು ತಪ್ಪಾಯಿತೆಂದು ವಿನೋದಿನಿಗೆ ಆಗಲೇ ಅನ್ನಿಸಿತು. ರಾಚವ್ವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಕೂಡಿಸಿದಳು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿಯ ಹಿಂಡಿ, ಎಣ್ಣೆ ಹಚ್ಚಿ ಕೈಗೆ ಕೊಟ್ಟು, ರಟ್ಟಿನ ತುಂಡಿನಿಂದ ಗಾಳಿ ಹಾಕಲು ಮಗಳಿಗೆ ಹೇಳಿದಳು. ರಾಧಿಕಾ ಅಂದು ಕಾಲೇಜಿಗೆ ಹೋಗಿರಲಿಲ್ಲ. ರೊಟ್ಟಿಗಳನ್ನು ನೂರರ ಗುಡ್ಡೆ ಮಾಡಿ ಬಟ್ಟೆಯಲ್ಲಿ ಕಟ್ಟುತ್ತಿದ್ದವಳು ಎದ್ದು ಬಂದು ಗಾಳಿ ಹಾಕತೊಡಗಿದಳು.

ವಿನೋದಿನಿ ವಿಷಯ ಬಿಡಿಸಿ ಹೇಳಿದಳು. ಭಾನುವಾರ ಸಭೆ. ಸಾಮಾನು ತಮ್ಮದಲ್ಲ ಎನ್ನಬೇಕು. ಆಮೇಲೆ ಅರ್ಜಿಯಲ್ಲಿರುವ ಆ ಒಂದು ಪದವನ್ನು ಹೇಳಬೇಕು. ಮುಗಿಯಿತು, ಸೀಟು ರಾಧಿಕಾಳದು.

ರಾಚವ್ವ ಹಂಚಿನ ಮೇಲಿನ ರೊಟ್ಟಿಯನ್ನು ನೀರು ಸವರಿ ತಿರುವಿಹಾಕಿದಳು. "ಬಡವರು ಅಂತ ಹೇಳತೀನ್ರಿ. ಗರೀಬರು ಅಂತ ಹೇಳತೀನಿ. ಅದೊಂದು ಬ್ಯಾಡ್ರಿ ಅಕ್ಕಾರ."

"ಪತ್ರದಲ್ಲಿ ಹಾಗೇ ಉಂಟು ಮಾರಾಯ್ತಿ. ಬರೀ ಒಂದು ಮಾತು. ನಾನು ದಿನಕ್ಕೆ ಇಪ್ಪತ್ತು ಸಲ ಹೇಳ್ತೇನೆ."

ಆಗ ರಾಚವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು, ಮಧ್ಯೆ ಮಧ್ಯೆ ಕೈಯ ಸದ್ದಿನಲ್ಲಿ ಮಾತು ಮುಳುಗುತ್ತಿತ್ತು. ಮದುವೆಯಾಗಿ ಗಂಡನ ಮನೆಗೆ ಕಾಲಿಟ್ಟ ತಿಂಗಳಲ್ಲಿ ಎತ್ತು ಸತ್ತಿತು. ಆ ವರ್ಷವೇ ಮಾವ ಹಾಸಿಗೆ ಹಿಡಿದರು. ಅತ್ತೆ ಅವಳ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು; ಆ ಪದದಿಂದಲೇ ಕರೆಯುತ್ತಿದ್ದಳು. ನೀರು ತಾ ಎನ್ನುವಾಗ ಅದು, ಉಣ್ಣಲು ಬಾ ಎನ್ನುವಾಗ ಅದು. ಓಣಿಯ ಮಕ್ಕಳು ಅದೇ ಅವಳ ಹೆಸರೆಂದು ತಿಳಿದಿದ್ದವು. ಒಂದು ದಿನ ಶಂಕ್ರೆಪ್ಪ ಹೆಂಡತಿಯ ಕೈ ಹಿಡಿದು ಸೊಲ್ಲಾಪುರದ ಗಾಡಿ ಹತ್ತಿ, ಅಲ್ಲಿಂದ ಮುಂಬಯಿಗೆ ಬಂದ. ಈ ಕೋಣೆಯಲ್ಲಿ ಆ ಮಾತು ಎಂದೂ ಆಡುವುದಿಲ್ಲವೆಂದು ಮೊದಲ ದಿನ ದೀಪ ಹಚ್ಚಿ ಇಬ್ಬರೂ ಹೇಳಿಕೊಂಡಿದ್ದರು. ಹತ್ತೊಂಬತ್ತು ವರ್ಷದಲ್ಲಿ ಆಡಿರಲಿಲ್ಲ. ಊಟವಿಲ್ಲದ ದಿನವೂ ಆಡಿರಲಿಲ್ಲ, ಊರಲ್ಲಿ ಅತ್ತೆ ಸತ್ತ ಮೇಲೂ ಆಡಿರಲಿಲ್ಲ.

"ಆ ಮಾತಿಗಿ ಅಂಜಿ ಊರು ಬಿಟ್ಟೀವ್ರಿ ನಾವು," ಎಂದಳು.

ರಾಧಿಕಾ ಗಾಳಿ ಹಾಕುವುದನ್ನು ನಿಲ್ಲಿಸಿದಳು. "ಆಂಟಿ, ರೆಹನೇ ದೋ. ಮಮ್ಮಿಗೆ ಫೋರ್ಸ್ ಮಾಡಬ್ಯಾಡ್ರಿ. ಮೈ ಕುಛ್ ಔರ್ ಕರ್ ಲೂಂಗೀ."

ಬೇರೆ ಏನು ಮಾಡುತ್ತೀಯಾ ಎಂದು ವಿನೋದಿನಿ ಕೇಳಿದಳು. ಹುಡುಗಿ ರೊಟ್ಟಿಯ ಗುಡ್ಡೆಯ ಕಡೆ ನೋಡಿದಳು. ತಾಯಿಯೂ ಅದೇ ಕಡೆ ನೋಡಿದಳು. ಆ ನೋಟವನ್ನು ವಿನೋದಿನಿ ಬಿಡಲಿಲ್ಲ. ಮಗಳೂ ಇದೇ ಒಲೆಯ ಮುಂದೆ ಕೂರಬೇಕೇ, ನಿನ್ನ ಅತ್ತೆ ಸತ್ತು ಎಷ್ಟೋ ವರ್ಷವಾಯಿತಲ್ಲ, ಸತ್ತವಳ ನಾಲಗೆಗೆ ಹೆದರಿ ಬದುಕಿರುವವಳ ಬಾಳು ಕಳೆಯುತ್ತೀಯಾ ಎಂದಳು. ಪ್ರೀತಿಯಿಂದಲೇ ಹೇಳಿದಳು. ರಾಚವ್ವನ ಹಿಟ್ಟಿನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಹೇಳಿದಳು.

"ಹೇಳಿದ್ರ ಸೀಟು ಖರೇನ ಸಿಗತದೇನ್ರಿ?"

"ನಾನಿದ್ದೇನಲ್ಲ," ಎಂದಳು ವಿನೋದಿನಿ.

ಭಾನುವಾರ ಹನ್ನೊಂದಕ್ಕೆ ಸಂಘದ ಮಹಡಿಯ ಹಾಲಿನಲ್ಲಿ ಸಭೆ ಸೇರಿತು. ಉದ್ದ ಮೇಜಿನ ಹಿಂದೆ ಸಮಿತಿಯ ಏಳು ಜನ. ಎದುರು ಬೆಂಚಿನಲ್ಲಿ ದೂಜ ಮತ್ತು ಶ್ರಾವ್ಯಾ. ಇನ್ನೊಂದು ಬೆಂಚಿನಲ್ಲಿ ರಾಚವ್ವ ಮತ್ತು ರಾಧಿಕಾ. ಶಂಕ್ರೆಪ್ಪನಿಗೆ ಗೋದಾಮಿನಲ್ಲಿ ರಜೆ ಸಿಕ್ಕಿರಲಿಲ್ಲ. ಅವನಿಗೆ ಈ ವಿಷಯ ಹೇಳಿಯೂ ಇರಲಿಲ್ಲ ಎಂದು ರಾಚವ್ವ ಮೆಟ್ಟಿಲ ಮೇಲೆ ವಿನೋದಿನಿಯ ಕಿವಿಯಲ್ಲಿ ಹೇಳಿದ್ದಳು.

ದೂಜನನ್ನು ಏನೂ ಕೇಳಲಿಲ್ಲ. ಅರ್ಜಿಯಲ್ಲಿ ಎಲ್ಲ ಸರಿಯಾಗಿ ಬರೆದಿದೆ ಎಂದರು. ರಾಚವ್ವನನ್ನು ಎದ್ದು ನಿಲ್ಲಲು ಹೇಳಿದರು.

ಬಸವಂತರಾಯರು ಒರಟಾಗಿ ಮಾತಾಡಲಿಲ್ಲ. ತಂಗಿ ಎಂದೇ ಕರೆದರು. ಅವತ್ತು ನಾವು ಕೂತ ಕುರ್ಚಿ ಯಾರದವ್ವಾ ಎಂದರು. ಬಾಜೂ ಮನೆಯವರದು ಎಂದಳು. ಫ್ಯಾನು? ಅದು ಮೂಲೆಯ ಮನೆಯ ಅಮೋಲನದು. ತಟ್ಟೆ? ಪರದೆ? ಚಾದರ? ಒಂದೊಂದಕ್ಕೂ ಒಂದೊಂದು ಮನೆಯ ಹೆಸರು ಹೇಳುತ್ತ ಹೋದಳು. ಹೋಳಿಗೆಯ ಬೆಲ್ಲ ಯಾರದು ಎಂದಾಗ ಮೇಜಿನ ಹಿಂದಿದ್ದ ಒಬ್ಬರು ನಕ್ಕರು. ರಾಧಿಕಾ ತಲೆ ತಗ್ಗಿಸಿದಳು.

"ಹಂಗಾದ್ರ ನೀವು ಏನಂದಂಗಾತು?"

"ಬಡವರ್ರೀ."

"ಬಡವರು ಎಲ್ಲಾರೂ ಬಡವರ ತಂಗಿ. ನಮ್ಮಪ್ಪ ನೂರೆಕರೆ ಇಟ್ಟಗೊಂಡು, ಬಡವರ ಮನಿಗಿ ಬರ್ರಿ ಅಂತಿದ್ದ. ದತ್ತಿ ಬರದವ ಏನ್ ಬರದಾನ ಅದನ್ನ ಹೇಳು."

ರಾಚವ್ವ ವಿನೋದಿನಿಯನ್ನು ನೋಡಿದಳು. ವಿನೋದಿನಿ ಧೈರ್ಯ ಕೊಡುವಂತೆ ತಲೆಯಾಡಿಸಿದಳು.

ಹೇಳಿದಳು. ತುಟಿ ಅಲುಗಿದ್ದು ಕಂಡಿತು. ಮೇಜಿನ ತುದಿಯಲ್ಲಿದ್ದ, ಕಿವಿ ಮಂದವಾಗಿದ್ದ ಹಿರಿಯ ಸದಸ್ಯರು ಏನೆಂದರು ಏನೆಂದರು ಎಂದು ಪಕ್ಕದವರನ್ನು ಕೇಳಿದರು. ಬಸವಂತರಾಯರು, ಅವರಿಗೆ ಕೇಳುವಂತೆ ಇನ್ನೊಮ್ಮೆ ಹೇಳು ತಂಗಿ ಎಂದರು.

"ನಾವು ದರಿದ್ರರ್ರೀ," ಎಂದಳು ರಾಚವ್ವ, ಎಲ್ಲರಿಗೂ ಕೇಳುವಂತೆ. "ನಾನು ದರಿದ್ರದಾಕಿ."

ಎರಡನೆಯದನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅದು ತಾನಾಗಿ ಬಂತು. ಹೋಟೆಲಿನ ಅಭ್ಯಾಸವೋ ಏನೋ, ದೂಜ ಯಾರೂ ಹೇಳದೆ ಎದ್ದು ಹೋಗಿ ಮೂಲೆಯ ಮಡಕೆಯಿಂದ ಒಂದು ಲೋಟ ನೀರು ತಂದು ಅವಳ ಕೈಗಿಟ್ಟ. ಕುಡಿದಾದ ಮೇಲೆ ಲೋಟವನ್ನು ತಾನೇ ತೆಗೆದುಕೊಂಡು ಹೋದ.

ಬಸವಂತರಾಯರು ಠರಾವಿನ ಪುಸ್ತಕ ತೆಗೆಸಿ ಕಾರ್ಯದರ್ಶಿಗೆ ಬರೆಸಿದರು. ಅರ್ಜಿದಾರಳಾದ ರಾಚವ್ವ ಶಂಕ್ರೆಪ್ಪ ಇವರು ತಾವು ದರಿದ್ರರೆಂದು ಸಮಿತಿಯ ಮುಂದೆ ಸ್ವತಃ ಒಪ್ಪಿಕೊಂಡಿರುತ್ತಾರೆ. ಆದರೆ ಪರಿಶೀಲನೆಯ ದಿನ ಪರರ ಸಾಮಾನುಗಳನ್ನು ತಮ್ಮವೆಂಬಂತೆ ಇಟ್ಟು ಸಮಿತಿಗೆ ಮೋಸ ಮಾಡಿದ್ದನ್ನೂ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಸೀಟನ್ನು ಕುಮಾರಿ ಶ್ರಾವ್ಯಾ ಇವರಿಗೆ ನೀಡಲು ಠರಾಯಿಸಲಾಯಿತು.

ವಿನೋದಿನಿ ಎದ್ದು ನಿಂತಳು. ಇದು ಎಂತಹ ನ್ಯಾಯ, ಹೇಳಿದರೆ ಸೀಟು ಎಂದಿದ್ದಿರಲ್ಲ ಎಂದಳು.

"ನೋಡೋಣ ಅಂದಿದ್ದೆ," ಎಂದರು ಬಸವಂತರಾಯರು. "ಸಾಮಾನು ಅವರದಲ್ಲ ಅಂತ ಹೇಳಿದವರು ನೀವ ಮೇಡಂ. ನೀವು ಹೇಳದಿದ್ರ ಈ ಮೋಸ ನಮಗ ಹ್ಯಾಂಗ ತಿಳೀತಿತ್ತು?"

ಭಾಂಡುಪಿನ ಗೋಡೆಯ ಮೇಲಿದ್ದ ಬಿಳಿ ಚೌಕದ ಮಾತು ಅವಳ ನಾಲಗೆಯ ತುದಿಗೆ ಬಂತು. ಎದುರು ಬೆಂಚಿನಲ್ಲಿ ಶ್ರಾವ್ಯಾ ಬೆರಳ ಉಗುರು ಕಿತ್ತುಕೊಳ್ಳುತ್ತಿದ್ದಳು. ದೂಜ ಖಾಲಿ ಲೋಟ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದ. ವಿನೋದಿನಿ ಅವರನ್ನು ನೋಡಿದಳು, ರಾಧಿಕಾಳನ್ನು ನೋಡಿದಳು, ಕೂತಳು. ಒಬ್ಬ ಹುಡುಗಿಯ ಕೈಯಿಂದ ಕಿತ್ತು ಇನ್ನೊಬ್ಬಳಿಗೆ ಕೊಡುವ ಶಕ್ತಿ ಅವಳಿಗಿರಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಎರಡು ದಿನದ ಹಿಂದೆ ರೊಟ್ಟಿಯ ಒಲೆಯ ಮುಂದೆ ಖರ್ಚು ಮಾಡಿದ್ದಳು.

ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವಲ್ಲಿ ತಾಯಿ ಮಗಳು ಅವಳಿಗಾಗಿ ಕಾದಿದ್ದರು. ಬೈಯುತ್ತಾರೆ ಎಂದುಕೊಂಡು ಇಳಿದಳು. ಬೈದರೆ ಹಗುರಾಗುತ್ತೇನೆ ಎಂದೂ ಅಂದುಕೊಂಡಳು. ರಾಚವ್ವ ಬೈಯಲಿಲ್ಲ.

"ಸೀಟು ಹೋಗ್ಲಿರಿ ಅಕ್ಕಾರ. ಆ ಪುಸ್ತಕದಾಗ ನಮ್ಮ ಮನಿಯವರ ಹೆಸರು ಹಿಡದು ಆ ಮಾತು ಬರದಾರಲ್ಲ, ಅದನ್ನಷ್ಟ ತಗಸ್ರಿ. ಅವರು ಆ ಮಾತಿನಿಂದನ ನನ್ನ ಪಾರು ಮಾಡಿ ತಂದವರು. ಅವರ ಹೆಸರಿನ ಬಾಜೂಕ ಅದು ಇರಬಾರದು."

ವಿನೋದಿನಿ ಮತ್ತೆ ಮಹಡಿ ಹತ್ತಿದಳು. ಒಳಗೆ ಚಹಾ ಬಂದಿತ್ತು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು, ಆರು ಸಹಿಗಳಾಗಿ ಏಳನೆಯದರ ಜಾಗ ಖಾಲಿ ಇತ್ತು. ಆ ಒಂದು ಪದ ಹೊಡೆದು ಹಾಕಿ, ಬೇಕಾದರೆ ಬಡವರು ಎಂದು ಬರೆಯಿರಿ ಎಂದು ಕೇಳಿದಳು. ಸಹಿಯಾದ ಠರಾವನ್ನು ತಿದ್ದಿದರೆ ಚಾರಿಟಿ ಕಚೇರಿಯವರು ಸಂಘವನ್ನೇ ಹಿಡಿಯುತ್ತಾರೆ ಎಂದು ಕಾರ್ಯದರ್ಶಿ ಮೆಲ್ಲಗೆ ವಿವರಿಸಿದರು. ಬಸವಂತರಾಯರು ತಮ್ಮ ಶಾಯಿ ಪೆನ್ನಿನ ಕ್ಯಾಪು ತೆಗೆದು ಅವಳ ಮುಂದೆ ಹಿಡಿದರು. ತಾಯಿ ಮಗಳಿಬ್ಬರು ಕೆಳಗೆ ಬಿಸಿಲಲ್ಲಿ ನಿಂತಿದ್ದಾರೆ, ಬೇಗ ಹೋಗಬೇಕು ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಸಹಿ ಹಾಕಿದಳು.

ಕೆಳಗೆ ಬಂದು, ತೆಗೆಸಿದ್ದೇನೆ ಎಂದಳು.

ರಾಚವ್ವನ ಮುಖ ತಿಳಿಯಾಯಿತು. ಆದರೂ ಒಂದು ಅನುಮಾನ ಉಳಿದಿತ್ತು. "ಗೀಟು ಎಳದ್ರೋ, ಹಾಳೀನ ಹರದ್ರೋ?"

"ಗೀಟು ಎಳೆದದ್ದು."

"ಗೀಟಿನ ತೆಳಗ ಓದಾಕ ಬರತದೇನ್ರಿ?"

"ಇಲ್ಲ," ಎಂದಳು ವಿನೋದಿನಿ. "ದಪ್ಪ ಎಳೆದಿದ್ದಾರೆ. ಏನೂ ಕಾಣುವುದಿಲ್ಲ."

ರಾಚವ್ವ ಬಗ್ಗಿ, ವಿನೋದಿನಿ ಹಿಂದೆ ಸರಿಯುವುದರೊಳಗೆ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಭಾಳ ಉಪಕಾರ ಆತ್ರಿ ಎಂದಳು. ನೀನೂ ಮುಟ್ಟು ಎಂದು ಮಗಳಿಗೆ ಹೇಳಿದಳು. ರಾಧಿಕಾ ಮುಟ್ಟಲಿಲ್ಲ. ವಿನೋದಿನಿಯ ಬಲಗೈಯ ತೋರುಬೆರಳಿಗೆ ಅಂಟಿದ್ದ ಹಸಿ ಶಾಯಿಯನ್ನು ನೋಡಿದಳು, ಆಮೇಲೆ ಅವಳ ಮುಖ ನೋಡಿದಳು. ತಾಯಿಗೆ ಏನೂ ಹೇಳಲಿಲ್ಲ. "ಚಲ್ ಮಮ್ಮಿ," ಎಂದು ತಾಯಿಯ ತೋಳು ಹಿಡಿದು ಬಸ್ ಸ್ಟಾಪಿನ ಕಡೆಗೆ ನಡೆಸಿಕೊಂಡು ಹೋದಳು.